ದಾರಿಯಲ್ಲಿ ಒಡೆದ ಆಂಪ್ಲಿಫೈಯರ್‌ಗೆ ದುಡ್ಡು ಯಾರು ಕೊಡಬೇಕು? ನನ್ನ ಲೆಕ್ಕ

ನಾನು ಶಿರಸಿಯಿಂದ ಮಾರಿ ಕಳಿಸಿದ ಹಳೇ ಆಂಪ್ಲಿಫೈಯರಿಗೋ ರೆಕಾರ್ಡು ಹಾಡಿಸುವ ಟರ್ನ್‌ಟೇಬಲ್ಲಿಗೋ ದಾರಿಯಲ್ಲಿ ಪೆಟ್ಟು ಬಿದ್ದರೆ ಯಾರು ಎಷ್ಟು ಕೊಡಬೇಕು ಅಂತ ದುಡ್ಡು ತಗೊಳ್ಳುವ ಮೊದಲೇ ಬರೆದು ಕಳಿಸುತ್ತೇನೆ. ಇದನ್ನು ಕೇಳಿ ನನ್ನ ಹಾಗೆ ಹಳೇ ಸೌಂಡ್ ಮಾಲು ಮಾರುವವರೆಲ್ಲ ನಕ್ಕಿದ್ದರು. "ಎಂತ ಮಾರಾಯ, ಧರ್ಮಛತ್ರ ನಡೆಸ್ತೀಯಾ?" ಮೂರ್ನಾಲ್ಕು ವರ್ಷ ಆಯ್ತು, ವ್ಯಾಪಾರ ನಿಂತಿಲ್ಲ. ನಕ್ಕವರಲ್ಲಿ ಇಬ್ಬರು ಈಗ ನನ್ನ ಒಕ್ಕಣೆಯನ್ನೇ ನಕಲು ಮಾಡಿದ್ದಾರೆ.

ಮೊದಲು "ಕಳಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂತಿದ್ದೆ. ಐದು ಸಾವಿರ ದಾಟಿದ ಮಾಲು ಹೋಗಲೇ ಇಲ್ಲ. ಆಮೇಲೆ ಸಾಗಿಸಿದವರ ಹತ್ತಿರ ಪರಿಹಾರ ಕೇಳುವ ದಾರಿ. ಸುಮಾರು ಒಂಬತ್ತು ಸಾವಿರದ ಸೋನೋಡೈನ್ ಆಂಪ್ಲಿಫೈಯರ್ ಎಲ್ಲೋ ಎತ್ತಿ ಹಾಕಿದ್ದಕ್ಕೆ ಟ್ರಾನ್ಸ್‌ಫಾರ್ಮರ್ ಕಿತ್ತು ಬಂದು ಬೋರ್ಡು ಸೀಳಿತ್ತು. ತಿಂಗಳುಗಟ್ಟಲೆ ಫೋನು, ಫೋಟೋ, ಅರ್ಜಿ. ಸಿಕ್ಕಿದ್ದು ಬರೀ ಕೆಲವು ನೂರು ರೂಪಾಯಿ, ಯಾಕೆಂದರೆ ರಸೀದಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಅಷ್ಟೇ ಇತ್ತು. ಕೊನೆಗೆ "ಏನಾದರೂ ಆದರೆ ದುಡ್ಡು ಪೂರ್ತಿ ವಾಪಸ್" ಅಂದೆ. ಒಬ್ಬರು ಟರ್ನ್‌ಟೇಬಲ್ ವಾಪಸ್ ಕಳಿಸಿದರು, ಅದರ ಒಳ್ಳೇ ಕಾರ್ಟ್ರಿಡ್ಜ್ (ಸೂಜಿ ಇರುವ ಭಾಗ) ಹೋಗಿ ಸವೆದದ್ದು ಬಂದಿತ್ತು!

ಈಗ ಹೀಗೆ. ಮಾಲು ಹಾಡುವುದರಿಂದ ಹಿಡಿದು ಟೇಪು ಸುತ್ತುವವರೆಗೆ ನಾನು ಒಂದೇ ವಿಡಿಯೋ ಮಾಡುತ್ತೇನೆ. ಕೊಂಡವರು ಬಾಕ್ಸ್ ಬಿಚ್ಚುವಾಗ ಇನ್ನೊಂದು ಮಾಡಬೇಕು, ಬಂದ ಮಾರನೇ ದಿನದೊಳಗೆ. ಹೊರಬಾಕ್ಸ್ ಸರಿ ಇದ್ದು ಒಳಗೆ ಒಡೆದಿದ್ದರೆ ನನ್ನ ಪ್ಯಾಕಿಂಗ್ ಸಾಲದು ಅಂತ ಅರ್ಥ, ರಿಪೇರಿ ಪೂರ್ತಿ ನನ್ನದು. ಬಾಕ್ಸೇ ಜಜ್ಜಿದ್ದರೆ ಅರ್ಧರ್ಧ. ಎಷ್ಟು ಅನ್ನುವುದನ್ನು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅವರ ಊರಿನ ರಿಪೇರಿಯವನ ಚೀಟಿ ಹೇಳುತ್ತದೆ. ರಿಪೇರಿ ಮಾರಿದ ಬೆಲೆಯ ಅರ್ಧ ದಾಟಿದರೆ ಚರ್ಚೆಯೇ ಇಲ್ಲ: ಮಾಲು ವಾಪಸ್, ದುಡ್ಡು ವಾಪಸ್, ಸಾಗಣೆ ಬಾಡಿಗೆ ನನ್ನದು.

ಇದಕ್ಕೆ ದುಡ್ಡು ಎಲ್ಲಿಂದ? ಪ್ರತಿ ಮಾರಾಟದಲ್ಲಿ ನೂರಕ್ಕೆ ನಾಲ್ಕು ರೂಪಾಯಿ ತೆಗೆದಿಡುತ್ತೇನೆ. ಹೋದ ವರ್ಷ ಹದಿನೆಂಟು ಸಾವಿರದ ಹತ್ತಿರ ಸೇರಿತ್ತು, ಹನ್ನೊಂದೋ ಹನ್ನೆರಡೋ ಖರ್ಚಾಯ್ತು. ಮಿಕ್ಕಿದ್ದು ಲಾಭ ಅಲ್ವಾ?

ಮೋಸ ಮಾಡುವವರು ಇದ್ದೇ ಇರುತ್ತಾರೆ. ಒಳಗಿನ ಭಾಗ ಬದಲಾಯಿಸಿದ್ದು ತಿಳಿಯಲು ನನ್ನದೊಂದು ಗುರುತು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೆಲಸ ಕೆಟ್ಟಿತು.

ಪ್ಯಾಕಿಂಗ್ ನಿಮಗೆ ಗೊತ್ತಿದ್ದದ್ದೇ. ಆದರೆ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಕಳಿಸುವವರು ರೆಕಾರ್ಡು ಕೂರುವ ತಟ್ಟೆಯನ್ನು ಬೇರೆಯಾಗಿ ಕಟ್ಟಲೇಬೇಕು. ಮೋಟಾರಿನ ಅಯಸ್ಕಾಂತ ಇರುವುದು ತಟ್ಟೆಯ ಅಡಿಗೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅದು ಕುಣಿದರೆ ಮುಗಿಯಿತು.

ನಡುವೆ ಭತ್ತದ ಹುಲ್ಲು ತುಂಬಿ ನೋಡಿದೆ, ಪುಕ್ಕಟೆ ಸಿಗುತ್ತದಲ್ಲ. ಜೂನ್ ಬಂದದ್ದೇ ಬೂಷ್ಟು ಹಿಡಿಯಿತು. ಅಡಿಕೆ ಹಾಳೆ ಮಾತ್ರ ಗೆದ್ದಿತು! ನೆನೆಸಿ, ಮೂಲೆಗೆ ಮಡಚಿ, ಭಾರ ಹೇರಿ ಚೆನ್ನಾಗಿ ಒಣಗಿಸಿದರೆ ಥರ್ಮಾಕೋಲಿಗಿಂತ ಗಟ್ಟಿ. ಬೆಂಗಳೂರಿನ ಗಿರಾಕಿ ಒಬ್ಬರು ಆಂಪ್ಲಿಫೈಯರಿಗಿಂತ ಹಾಳೆಯನ್ನೇ ಜಾಸ್ತಿ ಹೊಗಳಿದರು.

ಕ್ಯಾಸೆಟ್ ಡೆಕ್ಕನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಒಳಗಿನ ರಬ್ಬರ್ ಬೆಲ್ಟ್ ದಾರಿಯಲ್ಲಿ ಹೋಯಿತೋ ವಯಸ್ಸಾಗಿ ಹೋಯಿತೋ, ಜಗಳ ತೀರುವುದಿಲ್ಲ. ಹೊಸದು ಹಾಕಿ, ಜೊತೆಗೆ ಇನ್ನೊಂದು ಬೆಲ್ಟ್ ಸುಮ್ನೆ ಇಟ್ಟು ಕಳಿಸುತ್ತೇನೆ.