ಊದಿದ ಕೀಲಿನಲ್ಲಿ ಸೋಂಕನ್ನು ಹುಡುಕುವುದು: ನನ್ನ ಅನುಭವ

ಸಂಧಿವಾತದ ಚಿಕಿತ್ಸೆಯಲ್ಲಿ ನಾನು ಬಿಡದೆ ಪಾಲಿಸಿಕೊಂಡು ಬಂದಿರುವ ನಿಯಮವೊಂದಿದೆ. ರುಮಟಾಯ್ಡ್ ಸಂಧಿವಾತ (ದೇಹದ ಪ್ರತಿರೋಧ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇದೆಯೆಂದು ಖಚಿತವಾಗಿರುವವರಲ್ಲಿಯೂ ಒಂದು ಕೀಲು ಮಾತ್ರ ಉಳಿದವುಗಳನ್ನು ಮೀರಿ ಊದಿಕೊಂಡರೆ, ಅಲ್ಲಿ ಬ್ಯಾಕ್ಟೀರಿಯಾ ಸೋಂಕು ಇಲ್ಲವೆಂದು ತಿಳಿಯುವವರೆಗೆ ಅದನ್ನು ಹಳೆಯ ಕಾಯಿಲೆಯ ಉಲ್ಬಣವೆಂದು ನಾನು ಒಪ್ಪುವುದಿಲ್ಲ. ಉರಿಯೂತದಿಂದ ಹಾಳಾದ ಕೀಲಿನ ಒಳಪೊರೆಯಲ್ಲಿ ರಕ್ತಸಂಚಾರ ಹೆಚ್ಚಿರುವುದರಿಂದ, ಚರ್ಮದ ಗಾಯದಿಂದಲೋ ಮೂತ್ರದ ಸೋಂಕಿನಿಂದಲೋ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಅಲ್ಲಿ ಸುಲಭವಾಗಿ ನೆಲೆಯೂರುತ್ತದೆ. ಸ್ಟಿರಾಯ್ಡ್‌ನಂತಹ ಔಷಧಗಳು ದೇಹದ ಪ್ರತಿರೋಧವನ್ನು ತಗ್ಗಿಸುವುದಷ್ಟೇ ಅಲ್ಲ, ಜ್ವರವನ್ನೂ ಮರೆಮಾಡುತ್ತವೆ.

ಇಂತಹ ಒಬ್ಬ ಮಹಿಳೆಯ ಬಲಮಂಡಿ ಊದಿತ್ತು. ಬೆರಳು, ಮಣಿಕಟ್ಟುಗಳು ಶಾಂತವಾಗಿದ್ದವು, ಜ್ವರವಿರಲಿಲ್ಲ, ಆದರೆ ಮಂಡಿಯನ್ನು ಸ್ವಲ್ಪ ಮಡಿಸಲೂ ಅವರು ಬಿಡುತ್ತಿರಲಿಲ್ಲ. “ಡಾಕ್ಟ್ರೇ, ಹೋದ ಸಲದ ಹಾಗೆ ಮಂಡಿಗೇ ಒಂದು ಇಂಜೆಕ್ಷನ್ ಕೊಟ್ಟುಬಿಡಿ” ಎಂದರು. ಮೊದಲು ನೀರು ತೆಗೆದು ನೋಡೋಣ ಎಂದೆ. ಆರೋಗ್ಯವಂತ ಕೀಲಿನ ದ್ರವ ತಿಳಿಯಾಗಿದ್ದು, ಸೂಜಿಯ ತುದಿಯಿಂದ ಬೀಳುವಾಗ ಎಳೆಯಾಗಿ ಜಗ್ಗುತ್ತದೆ. ಇವರ ಮಂಡಿಯಿಂದ ಬಂದದ್ದು ಹಸಿರು ಮಿಶ್ರಿತ ಹಳದಿ ಬಣ್ಣದ ಕದಡಿದ ದ್ರವ. ಅದು ನೀರಿನಂತೆ ತೊಟ್ಟಿಕ್ಕುತ್ತಿತ್ತು, ಸಿರಿಂಜಿನ ಹಿಂದೆ ಹಿಡಿದ ಅಕ್ಷರಗಳು ಕಾಣುತ್ತಿರಲಿಲ್ಲ. ಒಂದು ಪಾಲನ್ನು ಕಣಗಳ ಎಣಿಕೆಗೆ, ಇನ್ನೊಂದನ್ನು ಗ್ರಾಮ್ ಸ್ಟೇನ್ (ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ) ಮತ್ತು ಹರಳುಗಳ ಪರೀಕ್ಷೆಗೆ ಕಳುಹಿಸಿ, ಉಳಿದದ್ದನ್ನು ಹಾಸಿಗೆಯ ಪಕ್ಕದಲ್ಲೇ, ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸಲು ಬಳಸುವ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿದೆ. ಆಂಟಿಬಯೊಟಿಕ್ ಆರಂಭಿಸಿದ್ದು ಇಷ್ಟೆಲ್ಲ ಆದ ಮೇಲೆ. ಮೊದಲೇ ಕೊಟ್ಟಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗುವ ಸಾಧ್ಯತೆಯಿತ್ತು.

ಘನ ಮಿಲಿಮೀಟರಿಗೆ 50,000ಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿದ್ದು, ಅವುಗಳಲ್ಲಿ ಬಹುಪಾಲು ನ್ಯೂಟ್ರೋಫಿಲ್‌ಗಳಾಗಿದ್ದರೆ (ಬ್ಯಾಕ್ಟೀರಿಯಾ ವಿರುದ್ಧ ಮೊದಲು ಧಾವಿಸುವ ಬಿಳಿ ಕಣಗಳು) ಸೋಂಕಿನ ಅನುಮಾನ ಬಲವಾಗುತ್ತದೆ. ಆದರೆ ಈ ಸಂಖ್ಯೆಯೊಂದನ್ನೇ ನಾನು ನೆಚ್ಚಿಕೊಳ್ಳುವುದಿಲ್ಲ. ಕೀಲಿನಲ್ಲಿ ಯೂರಿಕ್ ಆಮ್ಲದ ಹರಳುಗಳು ಸೇರುವ ಗೌಟ್‌ನಲ್ಲಿಯೂ ಎಣಿಕೆ ಅಷ್ಟಾಗಬಹುದು. ಪ್ರತಿರೋಧ ಕುಗ್ಗಿದವರಲ್ಲಿ ಸೋಂಕಿದ್ದೂ ಎಣಿಕೆ ಕಡಿಮೆ ಇರಬಹುದು. ಗ್ರಾಮ್ ಸ್ಟೇನ್ ಹಲವು ಬಾರಿ ಸೋಂಕನ್ನು ತೋರಿಸುವುದೇ ಇಲ್ಲ. ಹರಳುಗಳು ಕಂಡವೆಂದು ಸೋಂಕನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಎರಡೂ ಒಂದೇ ಕೀಲಿನಲ್ಲಿರಬಹುದು. ಈ ಮಹಿಳೆಯ ಕಲ್ಚರ್‌ನಲ್ಲಿ ಬೆಳೆದದ್ದು ಕೀಲಿನ ಸೋಂಕುಗಳಲ್ಲಿ ಅತಿ ಸಾಮಾನ್ಯವಾದ ಸ್ಟಫಿಲೊಕಾಕಸ್ ಆರಿಯಸ್. ವರದಿ ಬರುವ ಮೊದಲೇ ಮೂಳೆ ಶಸ್ತ್ರಚಿಕಿತ್ಸಕರು ಆರ್ತ್ರೋಸ್ಕೋಪಿಯ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಮಂಡಿಯನ್ನು ತೊಳೆದಿದ್ದರು. ಕೀವಿನಲ್ಲಿರುವ ಕಿಣ್ವಗಳು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು (ಮೂಳೆಯ ತುದಿಯನ್ನು ಮುಚ್ಚಿರುವ ನುಣುಪು ಪದರ) ತಿಂದುಹಾಕುತ್ತವೆ, ಬ್ಯಾಕ್ಟೀರಿಯಾ ಸತ್ತ ಮೇಲೂ ಆ ಹಾನಿ ಮುಂದುವರಿಯಬಲ್ಲದು. ಆದ್ದರಿಂದ ಔಷಧದಷ್ಟೇ ಕೀವನ್ನು ಹೊರಹಾಕುವುದೂ ಮುಖ್ಯ.

ಮೂಳೆಯೊಳಗಿನ ಸೋಂಕು ಇದಕ್ಕಿಂತ ಮೊಂಡು. ಸತ್ತ ಮೂಳೆಯ ತುಣುಕಿನ ಮೇಲೆ ಬ್ಯಾಕ್ಟೀರಿಯಾಗಳು ಜೈವಿಕ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ, ಅಲ್ಲಿಗೆ ರಕ್ತವೇ ಹರಿಯದ ಕಾರಣ ಔಷಧವೂ ತಲುಪುವುದಿಲ್ಲ. ಆ ತುಣುಕನ್ನು ತೆಗೆಯದೆ ಮಾತ್ರೆಗಳನ್ನು ಬದಲಿಸುತ್ತಾ ಹೋಗುವುದು ರೋಗಿಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಆರಂಭದ ಸುಮಾರು ಎರಡು ವಾರ ಎಕ್ಸ್‌ರೇ ಸಹಜವಾಗಿ ಕಾಣಬಹುದಾದ್ದರಿಂದ, ಅನುಮಾನವಿದ್ದಾಗ ಎಂಆರ್‌ಐ ಮಾಡಿಸುತ್ತೇನೆ.

ಬ್ಯಾಕ್ಟೀರಿಯಾ ಬೇರೆಡೆ ಇದ್ದು ಕೀಲು ಮಾತ್ರ ಊದುವ ಸಂದರ್ಭಗಳೂ ಇವೆ. ಕರುಳಿಗೆ ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಅಥವಾ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯಾ ಸೋಂಕಾದ ಒಂದರಿಂದ ನಾಲ್ಕು ವಾರಗಳಲ್ಲಿ ಮಂಡಿಯೋ ಕಣಕಾಲಿನ ಕೀಲೋ ಊದಬಹುದು. ದ್ರವದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆದ್ದರಿಂದ ಯುವಕರ ಮಂಡಿ ಊದಿದಾಗ ಇತ್ತೀಚೆಗೆ ಭೇದಿಯಾಗಿತ್ತೇ, ಮೂತ್ರ ಮಾಡುವಾಗ ಉರಿಯಿತ್ತೇ ಎಂದು, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಕ್ಲಮೀಡಿಯಾ ಸಿಕ್ಕರೆ ಸಂಗಾತಿಗೂ ಚಿಕಿತ್ಸೆ ಬೇಕು. ಕರುಳಿನ ಸೋಂಕು ಕಳೆದ ಮೇಲೆ ಉಳಿದ ಕೀಲುನೋವಿಗೆ ಮಾತ್ರ ನಾನು ಆಂಟಿಬಯೊಟಿಕ್ ಬರೆಯುವುದಿಲ್ಲ. ಅಲ್ಲಿ ಉರಿಯೂತ ಇಳಿಸುವ ಔಷಧವೇ ಸರಿ.

ಕ್ಷಯ ಮತ್ತು ಜಾನುವಾರುಗಳಿಂದ ಬರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ನಿಧಾನವಾಗಿ, ಹೆಚ್ಚಾಗಿ ಬೆನ್ನುಮೂಳೆಯಲ್ಲಿ ಬೀಡುಬಿಡುತ್ತವೆ. ತಿಂಗಳುಗಟ್ಟಲೆ ಬೆನ್ನುನೋವು, ರಾತ್ರಿ ಬೆವರು, ತೂಕ ಇಳಿತ ಇದ್ದವರಲ್ಲಿ ಕಾಯಿಸದ ಹಾಲು ಕುಡಿಯುವ ಮತ್ತು ಜಾನುವಾರುಗಳೊಡನೆ ಕೆಲಸ ಮಾಡುವ ಬಗ್ಗೆ ವಿಚಾರಿಸುತ್ತೇನೆ. ಸಂಧಿವಾತಕ್ಕೆ ಕೊಡುವ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳು ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದ್ದರಿಂದ, ಅವುಗಳನ್ನು ಆರಂಭಿಸುವ ಮೊದಲು ಕ್ಷಯದ ಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತೇನೆ. ಒಂದು ಕೀಲು ಮಾತ್ರ ಇದ್ದಕ್ಕಿದ್ದಂತೆ ಕೆಂಪಾಗಿ ಊದಿದರೆ ಮುಂದಿನ ಇಂಜೆಕ್ಷನ್ ಹಾಕಿಸಿಕೊಳ್ಳದೆ ಅದೇ ದಿನ ಬಂದು ತೋರಿಸಬೇಕೆಂದು ಚೀಟಿಯ ಮೇಲೆಯೇ ಬರೆದುಕೊಡುತ್ತೇನೆ.