ವೈದ್ಯಕೀಯ ಸಮ್ಮೇಳನಕ್ಕೆ ಸಂಶೋಧನಾ ಸಾರಾಂಶ ಕಳುಹಿಸುವ ಬಗೆ

ಕ್ಲಿನಿಕಲ್ ಸಂಶೋಧನೆಯ ಸಮ್ಮೇಳನಗಳಿಗೆ ಕಳುಹಿಸುವ ಸಾರಾಂಶವನ್ನು, ಮುಂದೆ ಹೇಗೂ ಪೂರ್ಣ ಲೇಖನ ಬರಲಿದೆ ಎಂಬ ಧೈರ್ಯದಲ್ಲಿ, ಕೊನೆಯ ದಿನ ಅವಸರವಾಗಿ ಬರೆದು ಮುಗಿಸುವವರು ಬಹಳ. ಆದರೆ ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯೊಂದು ಮೂರು ಲಕ್ಷಕ್ಕೂ ಹೆಚ್ಚು ಸಾರಾಂಶಗಳ ಜಾಡು ಹಿಡಿದು ನೋಡಿದಾಗ, ಅವುಗಳಲ್ಲಿ ಸುಮಾರು ಶೇ. 37ರಷ್ಟು ಮಾತ್ರ ಪೂರ್ಣ ಲೇಖನಗಳಾಗಿ ಪ್ರಕಟವಾಗಿದ್ದವು. ಉಳಿದ ಅನೇಕ ಅಧ್ಯಯನಗಳಿಂದ ಓದುಗರ ಕೈಗೆ ಸಿಕ್ಕಿರುವುದು ಆ ಇನ್ನೂರೈವತ್ತು ಮುನ್ನೂರು ಪದಗಳಷ್ಟೇ. ರೋಗಿಗಳು ತಮ್ಮ ದೇಹವನ್ನೂ ಸಮಯವನ್ನೂ ಒಪ್ಪಿಸಿ ನೆರವಾದ ಕೆಲಸಕ್ಕೆ ಈ ಸಾರಾಂಶವೇ ಏಕೈಕ ದಾಖಲೆಯಾಗಿ ಉಳಿಯಬಹುದು ಎಂಬ ಎಚ್ಚರದಿಂದ ಅದನ್ನು ಬರೆಯಬೇಕು.

ಬರೆಯಲು ಕೂರುವ ಮೊದಲು ಸಮ್ಮೇಳನದ ನಿಯಮಗಳನ್ನು ಪೂರ್ತಿಯಾಗಿ ಓದಿಕೊಳ್ಳಿ. ಮಿತಿಯನ್ನು ಪದಗಳಲ್ಲಿ ಹೇಳಿದ್ದಾರೆಯೇ ಅಕ್ಷರಗಳಲ್ಲಿ ಹೇಳಿದ್ದಾರೆಯೇ, ಶೀರ್ಷಿಕೆ ಮತ್ತು ಕೋಷ್ಟಕಗಳು ಆ ಎಣಿಕೆಗೆ ಸೇರುತ್ತವೆಯೇ, ಗಡುವು ಯಾವ ದೇಶದ ಗಡಿಯಾರಕ್ಕೆ ಅನ್ವಯಿಸುತ್ತದೆ, ಬೇರೆಡೆ ಈಗಾಗಲೇ ಮಂಡಿಸಿದ ಕೆಲಸವನ್ನು ಒಪ್ಪುತ್ತಾರೆಯೇ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಲೇಖಕರ ಗುರುತು ಮುಚ್ಚಿಟ್ಟು ಮೌಲ್ಯಮಾಪನ ಮಾಡುವ ಸಮ್ಮೇಳನವಾದರೆ ಪಠ್ಯದೊಳಗೆ ಎಲ್ಲಿಯೂ ನಿಮ್ಮ ಆಸ್ಪತ್ರೆಯ ಹೆಸರು ಬರಕೂಡದು. ವಿಭಾಗದ ಆಯ್ಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೃದ್ರೋಗಿಗಳಲ್ಲಿ ಮೂತ್ರಪಿಂಡದ ತೊಂದರೆಯನ್ನು ಕುರಿತ ಅಧ್ಯಯನ ಯಾವ ವಿಭಾಗಕ್ಕೆ ಹೋಗುತ್ತದೆ ಎಂಬುದರ ಮೇಲೆ ಅದನ್ನು ಯಾವ ತಜ್ಞರು ಓದುತ್ತಾರೆ ಎಂಬುದು ನಿಂತಿರುತ್ತದೆ.

ಅಧ್ಯಯನವು ಯಾದೃಚ್ಛಿಕ ಪ್ರಯೋಗವಾಗಿದ್ದರೆ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರೆ, ವರದಿಯಲ್ಲಿ ಏನೇನು ಇರಬೇಕೆಂದು ಹೇಳುವ ಕಾನ್ಸಾರ್ಟ್ (CONSORT) ಮಾರ್ಗಸೂಚಿಯ, 2008ರಲ್ಲಿ ಸಾರಾಂಶಗಳಿಗೆಂದೇ ಪ್ರಕಟವಾದ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಒಂದು ಪ್ರಶ್ನೆಯ ಕುರಿತ ಎಲ್ಲ ಅಧ್ಯಯನಗಳನ್ನು ಹುಡುಕಿ ತೂಗುವ ವ್ಯವಸ್ಥಿತ ವಿಮರ್ಶೆಗಳಿಗೆ ಅಂಥದೇ ಪ್ರಿಸ್ಮಾ (PRISMA) ಪಟ್ಟಿಯಿದೆ; 2013ರಲ್ಲಿ ಬಂದ ಅದು ಪ್ರಿಸ್ಮಾ 2020ರಲ್ಲಿ ಪರಿಷ್ಕೃತವಾಗಿದೆ. ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕಾನ್ಸಾರ್ಟ್ ಸಾರಾಂಶದಲ್ಲಿಯೇ ಕೇಳುತ್ತದೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವುದಕ್ಕೆ ಮುಂಚೆಯೇ ಪ್ರಯೋಗ ನೋಂದಣಿಯಾಗಿರಬೇಕು ಎಂದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2005ರಿಂದ ಪಟ್ಟು ಹಿಡಿದಿದೆ. ಆದ್ದರಿಂದ ಸಾರಾಂಶ ಬರೆಯುವ ದಿನ ನೋಂದಣಿ ನೆನಪಾದರೆ ಅದು ತಡವೇ ಸರಿ.

ನಾನು ಯಾವಾಗಲೂ ಫಲಿತಾಂಶದ ಭಾಗವನ್ನೇ ಮೊದಲು ಬರೆಯುತ್ತೇನೆ, ಇತರರಿಗೂ ಹಾಗೆಯೇ ಹೇಳುತ್ತೇನೆ. ಹಿನ್ನೆಲೆಯಿಂದ ಆರಂಭಿಸಿದರೆ ರೋಗದ ವ್ಯಾಪಕತೆಯನ್ನು ವರ್ಣಿಸುವುದರಲ್ಲಿಯೇ ಅರ್ಧ ಪದಗಳು ಖರ್ಚಾಗಿ, ನಿಜವಾಗಿ ಕಂಡುಕೊಂಡದ್ದಕ್ಕೆ ಜಾಗವೇ ಉಳಿಯುವುದಿಲ್ಲ. ಹಿನ್ನೆಲೆಗೆ ಎರಡು ವಾಕ್ಯ ಸಾಕು: ಈವರೆಗೆ ಯಾವುದು ತಿಳಿದಿಲ್ಲ, ನಾವು ಯಾವ ಪ್ರಶ್ನೆ ಕೇಳಿದೆವು. ವಿಧಾನದ ಭಾಗದಲ್ಲಿ ಅಧ್ಯಯನದ ವಿನ್ಯಾಸ, ಸೇರಿಸಿಕೊಂಡ ರೋಗಿಗಳು ಯಾರು, ಎಷ್ಟು ಕಾಲ ಅನುಸರಿಸಿ ನೋಡಲಾಯಿತು, ಮೊದಲೇ ನಿಗದಿಪಡಿಸಿದ ಪ್ರಾಥಮಿಕ ಫಲಿತಾಂಶ (ಮುಖ್ಯ ಪ್ರಶ್ನೆಗೆ ಉತ್ತರ ಕೊಡುವ ಅಳತೆ) ಯಾವುದು ಎಂಬಿಷ್ಟು ಇರಲೇಬೇಕು.

ಫಲಿತಾಂಶವನ್ನು ಹೇಳುವಾಗ ಬರಿಯ ಪಿ ಮೌಲ್ಯದಿಂದ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ತೃಪ್ತರಾಗಬೇಡಿ. 'ಹೊಸ ಚಿಕಿತ್ಸೆಯ ಗುಂಪಿನಲ್ಲಿ ಆಸ್ಪತ್ರೆಗೆ ಮರುದಾಖಲಾತಿ ಗಮನಾರ್ಹವಾಗಿ ಕಡಿಮೆಯಿತ್ತು' ಎಂಬ ವಾಕ್ಯದಿಂದ ಎಷ್ಟು ಕಡಿಮೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು, ಉದಾಹರಣೆಗೆಂದು ಕಲ್ಪಿಸಿಕೊಂಡ ಅಂಕಿಗಳಲ್ಲಿ, ಹೀಗೆ ಬರೆಯಬಹುದು: 'ಹೊಸ ಚಿಕಿತ್ಸೆ ಪಡೆದ 60 ಜನರಲ್ಲಿ 18 ಮಂದಿ (ಶೇ. 30), ರೂಢಿಯ ಚಿಕಿತ್ಸೆ ಪಡೆದ 60 ಜನರಲ್ಲಿ 30 ಮಂದಿ (ಶೇ. 50) ಮತ್ತೆ ದಾಖಲಾದರು, ಸಾಪೇಕ್ಷ ಅಪಾಯ 0.60, ಶೇ. 95 ವಿಶ್ವಾಸಾಂತರ 0.38ರಿಂದ 0.95.' ಇಲ್ಲಿ ಸಾಪೇಕ್ಷ ಅಪಾಯವೆಂದರೆ ಎರಡು ಗುಂಪುಗಳ ಪ್ರಮಾಣಗಳ ಅನುಪಾತ, ವಿಶ್ವಾಸಾಂತರವೆಂದರೆ ಅದರ ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ. ಪದಗಳು ಹೆಚ್ಚೇನೂ ಆಗಲಿಲ್ಲ, ಆದರೆ ಓದುವವರು ಪರಿಣಾಮದ ಗಾತ್ರವನ್ನೂ, ಆ ಅಂದಾಜು ಎಷ್ಟು ಸಡಿಲವಾಗಿದೆ ಎಂಬುದನ್ನೂ ತಾವೇ ತೂಗಿ ನೋಡಬಲ್ಲರು. ಚಿಕಿತ್ಸೆಯಿಂದಾದ ತೊಂದರೆಗಳಿಗೂ ಒಂದು ವಾಕ್ಯ ಮೀಸಲಿಡಿ. ಸ್ಥಳಾಭಾವದ ನೆಪದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ, ಹಾಗೆ ಆಗಬಾರದು. 'ವಿವರಗಳನ್ನು ಸಮ್ಮೇಳನದಲ್ಲಿ ಮಂಡಿಸಲಾಗುವುದು' ಎಂದು ಬರೆದ ಸಾರಾಂಶವನ್ನು ಪರೀಕ್ಷಕರು ಬದಿಗಿಟ್ಟರೆ ಅವರ ತಪ್ಪಿಲ್ಲ.

ತೀರ್ಮಾನದ ಎರಡು ವಾಕ್ಯಗಳಲ್ಲಿ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ ನಡೆಯುತ್ತದೆ. ಪ್ರಾಥಮಿಕ ಫಲಿತಾಂಶದಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ವ್ಯತ್ಯಾಸ ಕಾಣದ 72 ಪ್ರಯೋಗಗಳ ಲೇಖನಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚಿನವುಗಳ ಸಾರಾಂಶದ ತೀರ್ಮಾನವು ಚಿಕಿತ್ಸೆಗೆ ಅನುಕೂಲವಾಗುವಂತೆ ತಿರುಚಲ್ಪಟ್ಟಿತ್ತು. ಮುಖ್ಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಿದ್ದಾಗ ಯಾವುದೋ ಉಪಗುಂಪಿನ ಸಿಹಿಸುದ್ದಿಯನ್ನು ಮುಂದಕ್ಕೆ ತರುವ ಆಸೆಯನ್ನು ಗಟ್ಟಿಯಾಗಿ ತಡೆದುಕೊಳ್ಳಬೇಕು. ಚಿಕಿತ್ಸೆಯನ್ನು ತಾವು ನಿರ್ಧರಿಸದೆ, ಆದದ್ದನ್ನು ಬರಿದೆ ಗಮನಿಸಿ ದಾಖಲಿಸಿದ ಅಧ್ಯಯನವಾದರೆ 'ಕಾರಣವಾಗುತ್ತದೆ' ಎನ್ನದೆ 'ಸಂಬಂಧ ಕಂಡುಬಂದಿದೆ' ಎನ್ನಿ. ಶೀರ್ಷಿಕೆಗೂ ಇದೇ ಅಳತೆ.

ಕರಡನ್ನು ಗಡುವಿಗೆ ಕನಿಷ್ಠ ಎರಡು ವಾರ ಮೊದಲು ಸಹಲೇಖಕರೆಲ್ಲರಿಗೂ ಕಳುಹಿಸಿ, ಪ್ರತಿಯೊಬ್ಬರಿಂದಲೂ ಲಿಖಿತ ಒಪ್ಪಿಗೆಯನ್ನೂ ಹಿತಾಸಕ್ತಿಗಳ ವಿವರವನ್ನೂ ತರಿಸಿಕೊಳ್ಳಿ. ಅಧ್ಯಯನದಲ್ಲಿ ಪಾಲಿಲ್ಲದ, ಆದರೆ ವೈದ್ಯಕೀಯ ಬಲ್ಲ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಟ್ಟು, ಏನು ಅರ್ಥವಾಯಿತೆಂದು ಅವರ ಬಾಯಲ್ಲೇ ಕೇಳಿ. ಅವರು ತಡವರಿಸಿದ ಜಾಗವನ್ನು ತಿದ್ದಿ. ಆನ್‌ಲೈನ್ ನಮೂನೆಗೆ ಅಂಟಿಸಿದ ಮೇಲೆ ದಶಮಾಂಶ ಬಿಂದು, ಗ್ರೀಕ್ ಅಕ್ಷರ, 'ಕ್ಕಿಂತ ಹೆಚ್ಚು' ಚಿಹ್ನೆ ಇವೆಲ್ಲ ಸರಿಯಾಗಿ ಉಳಿದಿವೆಯೇ ಎಂದು ಮುನ್ನೋಟದಲ್ಲಿ ಒಂದೊಂದಾಗಿ ನೋಡಿ, ಸ್ವೀಕೃತಿಯ ಇಮೇಲ್ ಬಂದ ಮೇಲಷ್ಟೇ ಕೆಲಸ ಮುಗಿಯಿತೆನ್ನಿ.

ಸಾರಾಂಶ ಆಯ್ಕೆಯಾದರೆ ಸಮ್ಮೇಳನ ಹಾಕಿದ ಪ್ರಕಟಣಾ ನಿರ್ಬಂಧ ಮುಗಿಯುವ ದಿನಾಂಕಕ್ಕೆ ಮುಂಚೆ ಫಲಿತಾಂಶಗಳನ್ನು ಹೊರಗೆ ಹಂಚಬೇಡಿ. ಸಮ್ಮೇಳನದಲ್ಲಿ ಸಾರಾಂಶ ಮಂಡಿಸಿದ ಮಾತ್ರಕ್ಕೆ ಪೂರ್ಣ ಲೇಖನವನ್ನು ಪತ್ರಿಕೆಗೆ ಕೊಡಲು ಅಡ್ಡಿಯಿಲ್ಲವೆಂದು ಸಂಪಾದಕರ ಸಮಿತಿ ಸ್ಪಷ್ಟವಾಗಿಯೇ ಹೇಳಿದೆ. ಮಂಡನೆಯ ಹೊತ್ತಿಗೆ ಇನ್ನಷ್ಟು ದತ್ತಾಂಶ ಬಂದು ಅಂಕಿಗಳು ಬದಲಾಗಿದ್ದರೆ, ಸಾರಾಂಶದಲ್ಲಿದ್ದುದು ಯಾವುದು, ಈಗಿನದು ಯಾವುದು, ಏಕೆ ಬದಲಾಯಿತು ಎಂಬುದನ್ನು ಪೋಸ್ಟರಿನಲ್ಲಿಯೇ ಎದ್ದು ಕಾಣುವಂತೆ ಬರೆಯಿರಿ.