ರೀಸ್ಟಾರ್ಟ್ ಆಮೇಲೆ, ಮೊದಲು ಸಾಕೆಟ್ ಎಣಿಸಿ

ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಸರಿಯಾಗಿ ಕ್ಯಾಬ್ ಬರುವ ಹೊತ್ತಿಗೇ ಯಾರದಾದರೂ ಪ್ರೋಗ್ರಾಮಿನ ಲಾಗ್‌ನಲ್ಲಿ ‘ಟೂ ಮೆನಿ ಓಪನ್ ಫೈಲ್ಸ್’ (ತೆರೆದ ಫೈಲ್‌ಗಳು ಮಿತಿ ಮೀರಿವೆ) ಅನ್ನುವ ಎರರ್ ಕಾಣಿಸಿಕೊಳ್ಳುತ್ತದೆ. "ಅಕ್ಕಾ, ರೀಸ್ಟಾರ್ಟ್ ಮಾಡ್ಲಾ?" ಅಂತ ಹುಡುಗರು ಕೇಳುತ್ತಾರೆ. ಬೇಡ. ಮಾಡಿದರೆ ಇರುವ ಸಾಕ್ಷಿಯೂ ಹೋಗುತ್ತದೆ. ಔಟರ್ ರಿಂಗ್ ರೋಡ್ ಜಾಮ್ ಹೇಗೂ ಕರಗಲ್ಲ, ಸ್ವಲ್ಪ ಕೂತು ನೋಡಿ.

ಲಿನಕ್ಸ್‌ನಲ್ಲಿ ಪ್ರತಿ ಸಾಕೆಟ್‌ಗೂ, ಅಂದರೆ ನೆಟ್‌ವರ್ಕ್ ಕನೆಕ್ಷನ್ನಿನ ನಮ್ಮ ಕಡೆಯ ತುದಿಗೂ, ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಸಾಕೆಟ್‌ನ ಗುರುತಿನ ಸಂಖ್ಯೆ) ಬೇಕು. ಒಂದು ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮ್‌ಗೆ) ಸಾಮಾನ್ಯವಾಗಿ 1024ರ ಮಿತಿ. ಅದು ಮುಗಿದರೆ ಡಿಎನ್‌ಎಸ್ ಹುಡುಕಾಟವೂ, ಅಂದರೆ ಸರ್ವರ್ ಹೆಸರಿನಿಂದ ಅಡ್ರೆಸ್ ಹುಡುಕುವುದೂ, ಕೈಕೊಡುತ್ತದೆ. ಆಗ ಎಲ್ಲರೂ ಸುಮ್ನೆ ನೆಟ್‌ವರ್ಕ್ ಟೀಮಿನವರನ್ನು ಬೈಯುತ್ತಾರೆ, ಪಾಪ.

‘ಪ್ರಾಕ್’ ಫೋಲ್ಡರ್‌ನಲ್ಲಿ ನಿಮ್ಮ ಪ್ರೋಸೆಸ್ ನಂಬರಿನ ಫೋಲ್ಡರ್‌ನೊಳಗೆ ‘ಎಫ್‌ಡಿ’ (ಫೈಲ್ ಡಿಸ್ಕ್ರಿಪ್ಟರ್‌ಗಳ ಪಟ್ಟಿ) ಇರುತ್ತದೆ. ಅದರಲ್ಲಿ ಎಷ್ಟಿವೆ ಎಣಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಲೋಡ್ ಇಳಿದರೂ ಸಂಖ್ಯೆ ಇಳಿಯದಿದ್ದರೆ ಲೀಕ್, ಅಂದರೆ ತೆರೆದು ಮುಚ್ಚದೇ ಬಿಡುವ ತಪ್ಪು, ಇರುವ ಸಾಧ್ಯತೆಯೇ ಜಾಸ್ತಿ.

ಈಗ ಸಾಕೆಟ್‌ಗಳ ಪಟ್ಟಿ ತೋರಿಸುವ ‘ಎಸ್‌ಎಸ್’ ಕಮಾಂಡನ್ನು ಟಿ, ಎ, ಎನ್, ಪಿ ಆಪ್ಷನ್ ಕೊಟ್ಟು ಓಡಿಸಿ. ‘ಕ್ಲೋಸ್-ವೇಟ್’ ಸ್ಥಿತಿಯ ಸಾಕೆಟ್‌ಗಳು ರಾಶಿ ಬಿದ್ದಿವೆಯಾ? ಆಚೆಯವರು ಕನೆಕ್ಷನ್ ಮುಚ್ಚಿದ್ದಾರೆ, ನಿಮ್ಮ ಪ್ರೋಗ್ರಾಮ್ ಮುಚ್ಚಿಲ್ಲ ಅಂತ ಅರ್ಥ. ಕರ್ನಲ್ (ಲಿನಕ್ಸ್‌ನ ತಿರುಳು) ಇದನ್ನು ತಾನಾಗಿ ತೆಗೆಯುವುದಿಲ್ಲ. ಆಚೆ ಕಡೆಯ ಅಡ್ರೆಸ್ ನೋಡಿ. ಎಲ್ಲವೂ ಒಂದೇ ಅಡ್ರೆಸ್ ಆಗಿದ್ದರೆ, ಅದನ್ನು ಕರೆಯುವ ಕೋಡ್ ತೆರೆಯಿರಿ.

ನಮ್ಮಲ್ಲಿ ಒಮ್ಮೆ ಸಿಕ್ಕಿದ್ದು ಹೀಗಿತ್ತು. ಪೈಥಾನ್ ಕೋಡ್, ‘ಟ್ರೈ’ ಬ್ಲಾಕಿನ ಕೊನೇ ಸಾಲಿನಲ್ಲಿ ‘ಕ್ಲೋಸ್’. ಟೈಮ್‌ಔಟ್ ಆದರೆ ನೇರ ‘ಎಕ್ಸೆಪ್ಟ್’ಗೆ ಹಾರುತ್ತಿತ್ತು, ‘ಕ್ಲೋಸ್’ ನಡೆಯುತ್ತಲೇ ಇರಲಿಲ್ಲ. ಸಾಕೆಟ್ ಡಿಕ್ಷನರಿಯಲ್ಲೂ ಉಳಿದಿದ್ದರಿಂದ ಬೇಡವಾದದ್ದನ್ನು ತೆಗೆಯುವ ಗಾರ್ಬೇಜ್ ಕಲೆಕ್ಟರ್ ಅದನ್ನು ಮುಟ್ಟುವಂತಿರಲಿಲ್ಲ. ‘ಫೈನಲಿ’ಯಲ್ಲಿ ಮುಚ್ಚಿ, ಡಿಕ್ಷನರಿಯಿಂದಲೂ ತೆಗೆದ ಮೇಲೆ ಸರಿಹೋಯಿತು. ನನ್ನ ಕೇಳಿದರೆ, ಕೋಡ್ ರಿವ್ಯೂನಲ್ಲಿ ಎರರ್ ದಾರಿಯನ್ನೇ ಮೊದಲು ಓದಬೇಕು.

‘ಟೈಮ್-ವೇಟ್’ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ ಸ್ಥಿತಿ) ಕಂಡರೆ ಗಾಬರಿ ಬೇಡ, ಲಿನಕ್ಸ್‌ನಲ್ಲಿ ಅದು 60 ಸೆಕೆಂಡಿಗೆ ತಾನೇ ಹೋಗುತ್ತದೆ. ಆದರೆ ಒಂದೇ ಸರ್ವರ್‌ಗೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುತ್ತಿದ್ದರೆ 32768ರಿಂದ 60999ರವರೆಗಿನ ಪೋರ್ಟ್‌ಗಳೇ ಖಾಲಿಯಾಗಬಹುದು. ಅಲ್ಲಿ ಕನೆಕ್ಷನ್ ಪೂಲ್ ಬಳಸಿ, ಅಂದರೆ ತೆರೆದ ಕನೆಕ್ಷನ್‌ಗಳನ್ನೇ ಮತ್ತೆ ಮತ್ತೆ ಬಳಸಿ.

ಇನ್ನು ಆ 1024ರ ಮಿತಿ ಏರಿಸುವುದು. ಲೀಕ್ ಇಲ್ಲ, ನಿಜವಾಗಿಯೂ ಕನೆಕ್ಷನ್ ಜಾಸ್ತಿ ಅಂತ ಗೊತ್ತಾದಾಗ ಮಾತ್ರ ಏರಿಸಿ. ಟರ್ಮಿನಲ್‌ನಲ್ಲಿ ‘ಯುಲಿಮಿಟ್’ ಕಮಾಂಡಿನಿಂದ ಮಿತಿ ಬದಲಿಸಿದರೆ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಓಡಿಸುವ ಲಿನಕ್ಸ್ ವ್ಯವಸ್ಥೆ) ಸರ್ವಿಸ್‌ಗೆ ಅದು ತಾಗುವುದಿಲ್ಲ. ಆ ಸರ್ವಿಸ್‌ನ ಯುನಿಟ್ ಫೈಲ್‌ನಲ್ಲಿ (ಸೆಟ್ಟಿಂಗ್ ಫೈಲ್) ‘ಲಿಮಿಟ್‌ನೋಫೈಲ್’ ಬರೆದು, ಸಿಸ್ಟಮ್‌ಡಿ ರೀಲೋಡ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಹತ್ತಿತೋ ಇಲ್ಲವೋ ಅಂತ ‘ಪ್ರಾಕ್’ನಲ್ಲೇ ಆ ಪ್ರೋಸೆಸ್‌ನ ‘ಲಿಮಿಟ್ಸ್’ ಫೈಲ್ ತೆರೆದು ನೋಡಿ.